ಕೆಲಸದ ಜಾಗದಲ್ಲಿ ಸಿಸಿ ಕ್ಯಾಮೆರಾ: ಹಾಕುವ ಮೊದಲು ಏನು, ಹಾಕಿದ ಮೇಲೆ ಏನು?

ಕಾಫಿ ಕೊಯ್ಲು ಹತ್ತಿರ ಬಂತೆಂದರೆ ಈ ಪ್ರಶ್ನೆಗಳೂ ಬರುತ್ತವೆ. ಮೂಡಿಗೆರೆ, ಸಕಲೇಶಪುರ ಕಡೆಯ ಬೆಳೆಗಾರರು ಕೇಳುವುದು, "ಕಣಕ್ಕೂ ಗೋಡೌನಿಗೂ ಕ್ಯಾಮೆರಾ ಹಾಕಿಸ್ತಿದ್ದೀನಿ, ಆಳುಗಳ ಒಪ್ಪಿಗೆ ಬೇಕಾ?" ಚಿಕ್ಕಮಗಳೂರು ಪೇಟೆಯ ಅಂಗಡಿಯವರದೂ ಹೋಂಸ್ಟೇಯವರದೂ ಹೆಚ್ಚುಕಮ್ಮಿ ಇದೇ ಪ್ರಶ್ನೆ. ಹಾಸನದ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಕೇಳುವುದು ಬೇರೆ: "ನಮ್ಮ ಮಷೀನಿನ ನೆತ್ತಿ ಮೇಲೇ ಕ್ಯಾಮೆರಾ ಇದೆ, ಹೀಗೆ ಹಾಕಬಹುದಾ?" ಇಬ್ಬರಿಗೂ ಸೇರಿಸಿ ಇಲ್ಲಿ ಬರೆದಿದ್ದೇನೆ. ಹಂತಗಳು ಮಾಲೀಕರಿಗೆ. ಕೆಲಸದವರಿಗೆ ಬೇಕಾದದ್ದು ಕೊನೆಯ ಭಾಗದಲ್ಲಿದೆ.

ಚಿಕ್ಕ ಉತ್ತರ ಇಷ್ಟು. ಹಾಕಬಹುದು. ಎಲ್ಲೆಂದರಲ್ಲಿ ಹಾಕುವ ಹಾಗಿಲ್ಲ. ಗುಟ್ಟಾಗಿ ಹಾಕಬೇಡಿ. ರೆಕಾರ್ಡ್ ಆದದ್ದನ್ನು ಕಂಡವರಿಗೆಲ್ಲ ಕಳಿಸಬೇಡಿ. ಜನ ತಲೆ ಕೆಡಿಸಿಕೊಳ್ಳುವುದು ಮೊದಲನೆಯದರ ಬಗ್ಗೆ, ಸಿಕ್ಕಿಬೀಳುವುದು ಕೊನೆಯದರಲ್ಲಿ.

ಕಾನೂನು ಎಲ್ಲಿದೆ?

'ಕೆಲಸದ ಜಾಗದಲ್ಲಿ ಕ್ಯಾಮೆರಾ' ಅಂತ ಒಂದೇ ಕಾಯ್ದೆ ನಮ್ಮ ದೇಶದಲ್ಲಿ ಇಲ್ಲ. ನಾಲ್ಕೈದು ಕಡೆ ಹರಡಿಕೊಂಡಿದೆ.

ಬುಡದಲ್ಲಿರುವುದು 2017ರ ಆಗಸ್ಟ್ 24ರ ಸುಪ್ರೀಂ ಕೋರ್ಟ್ ತೀರ್ಪು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹಾಕಿದ್ದ ಕೇಸು ಅದು. ಖಾಸಗಿತನ ಮೂಲಭೂತ ಹಕ್ಕು ಎಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹೇಳಿತು. ಖಾಸಗಿತನಕ್ಕೆ ಕೈ ಹಾಕುವವರು ಮೂರು ಪ್ರಶ್ನೆಗೆ ಉತ್ತರ ಕೊಡಬೇಕು: ಕಾನೂನಿನ ಬೆಂಬಲ ಇದೆಯಾ, ಉದ್ದೇಶ ನ್ಯಾಯವಾದದ್ದಾ, ಮಾಡಿದ್ದು ಉದ್ದೇಶಕ್ಕಿಂತ ಜಾಸ್ತಿಯಾಯಿತಾ. ಇವು ಮುಖ್ಯವಾಗಿ ಸರ್ಕಾರಕ್ಕೆ ಹಾಕಿದ ಪ್ರಶ್ನೆಗಳು. ಆದರೂ ಮಾಲೀಕರು ಕ್ಯಾಮೆರಾ ಹಾಕುವ ಮುಂಚೆ ಇವನ್ನೇ ಕೇಳಿಕೊಂಡರೆ ಅರ್ಧ ತಲೆನೋವು ಅಲ್ಲೇ ಮುಗಿಯುತ್ತದೆ.

ಎರಡನೆಯದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಚಿಕ್ಕದಾಗಿ ಡಿಪಿಡಿಪಿ ಕಾಯ್ದೆ ಅನ್ನುತ್ತಾರೆ. ವೈಯಕ್ತಿಕ ದತ್ತಾಂಶ ಎಂದರೆ ಇಂಥವರೇ ಎಂದು ಗುರುತಿಸಬಲ್ಲ ಯಾವುದೇ ಮಾಹಿತಿ. ಮುಖ ಕಾಣುವ ವಿಡಿಯೊ ಕೂಡ ಅದೇ. ಒಪ್ಪಿಗೆಯ ಪ್ರಶ್ನೆಗೆ ಉತ್ತರ ಈ ಕಾಯ್ದೆಯ 7ನೇ ಕಲಂನಲ್ಲಿದೆ. ಉದ್ಯೋಗಕ್ಕೆ ಸಂಬಂಧಿಸಿದ ಕಾರಣಕ್ಕೆ, ಅಥವಾ ಮಾಲೀಕರು ನಷ್ಟದಿಂದ ತಪ್ಪಿಸಿಕೊಳ್ಳುವುದಕ್ಕೆ, ನೌಕರರ ದತ್ತಾಂಶವನ್ನು ಅವರ ಒಪ್ಪಿಗೆ ಇಲ್ಲದೆ ಬಳಸಬಹುದು. ಆದರೆ ಅಲ್ಲಿರುವ ಪದ 'ನೌಕರ'. ಗಿರಾಕಿ, ಹೋಂಸ್ಟೇ ಅತಿಥಿ ಇದರೊಳಗೆ ಬರುವುದಿಲ್ಲ. ಮೇಸ್ತ್ರಿ ಕರೆತಂದ ಗುತ್ತಿಗೆ ಆಳುಗಳು ನಿಮ್ಮ ನೌಕರರು ಹೌದೋ ಅಲ್ಲವೋ ಎನ್ನುವ ವಾದ ಏಳಬಹುದು. ಒಪ್ಪಿಗೆ ಬೇಕಿಲ್ಲ ಎಂದಮಾತ್ರಕ್ಕೆ ಹೇಳುವುದೂ ಬೇಕಿಲ್ಲ ಎಂದುಕೊಳ್ಳಬೇಡಿ. ಈ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಿದ್ದವು. ಮುಖ್ಯ ಹೊಣೆಗಳಿಗೆ ಆ ಅಧಿಸೂಚನೆ ಕೊಟ್ಟ ಗಡುವು 18 ತಿಂಗಳು, ಅಂದರೆ 2027ರ ಮೇ. ದತ್ತಾಂಶವನ್ನು ಸರಿಯಾಗಿ ಕಾಪಾಡದೆ ಸೋರಿಕೆಯಾದರೆ ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು. ನಾಲ್ಕು ಕ್ಯಾಮೆರಾದ ಅಂಗಡಿಗೆ ಅಷ್ಟು ಹಾಕುತ್ತಾರೆ ಅಂತಲ್ಲ, ಕಾಯ್ದೆ ಇಟ್ಟಿರುವ ಮಿತಿ ಅಷ್ಟು.

ಇನ್ನೆರಡು ನೇರವಾಗಿ ಜೈಲಿನ ವಿಷಯ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಂ ಪ್ರಕಾರ, ಒಬ್ಬರ ಗುಪ್ತಾಂಗದ ಚಿತ್ರವನ್ನು ಒಪ್ಪಿಗೆ ಇಲ್ಲದೆ ತೆಗೆದರೆ ಅಥವಾ ಹಂಚಿದರೆ 3 ವರ್ಷದವರೆಗೆ ಜೈಲು, ಇಲ್ಲವೇ 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಒಳಉಡುಪು ಹಾಕಿಕೊಂಡಿದ್ದರೂ ಇದು ಅನ್ವಯಿಸುತ್ತದೆ. ಗಂಡಸರಿಗೂ ಅನ್ವಯಿಸುತ್ತದೆ. ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಂ, ಹೆಣ್ಣುಮಕ್ಕಳು ಶೌಚಾಲಯ ಬಳಸುವಾಗ ಅಥವಾ ಮೈ ಕಾಣುವ ಸ್ಥಿತಿಯಲ್ಲಿ ತಮ್ಮ ಪಾಡಿಗೆ ಇರುವಾಗ ಕದ್ದು ನೋಡುವುದು, ಚಿತ್ರ ತೆಗೆಯುವುದರ ಬಗ್ಗೆ. ಮೊದಲ ಸಲಕ್ಕೆ 1ರಿಂದ 3 ವರ್ಷ, ಮತ್ತೆ ಮಾಡಿದರೆ 3ರಿಂದ 7 ವರ್ಷ ಶಿಕ್ಷೆ.

ಹಾಕಲೇಬೇಕು ಎನ್ನುವ ಕಾನೂನೂ ಒಂದಿದೆ. ಕರ್ನಾಟಕದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ, ಒಮ್ಮೆಗೆ 100 ಜನ ಅಥವಾ ದಿನಕ್ಕೆ 500 ಜನ ಸೇರುವಂಥ ಜಾಗಗಳಲ್ಲಿ ಸಿಸಿ ಕ್ಯಾಮೆರಾ ಇರಬೇಕು, ರೆಕಾರ್ಡಿಂಗ್ 30 ದಿನ ಉಳಿಯಬೇಕು ಎನ್ನುತ್ತದೆ. ದೊಡ್ಡ ಬಟ್ಟೆ ಅಂಗಡಿ, ಕಲ್ಯಾಣ ಮಂಟಪ, ಆಸ್ಪತ್ರೆ ನಡೆಸುವವರು ಇದನ್ನು ನೆನಪಿಡಿ.

ಹಂತ 1: ಯಾಕೆ ಅಂತ ಬರೆದಿಡಿ

ಕ್ಯಾಮೆರಾದವನಿಗೆ ಫೋನ್ ಮಾಡುವ ಮೊದಲು ಒಂದು ನೋಟ್‌ಬುಕ್ ತೆಗೆಯಿರಿ. ಪ್ರತಿ ಕ್ಯಾಮೆರಾಗೆ ಒಂದು ಸಾಲು ಸಾಕು. ಹೀಗೆ:

ಕ್ಯಾಮೆರಾ 1 – ಗೋಡೌನ್ ಬಾಗಿಲು – ಮೂಟೆ ಒಳಗೆ, ಹೊರಗೆ ಹೋಗುವುದನ್ನು ನೋಡಲು.
ಕ್ಯಾಮೆರಾ 2 – ತೂಕದ ಜಾಗ – ತೂಕದ ತಕರಾರು ಬಂದರೆ ನೋಡಲು.
ಕ್ಯಾಮೆರಾ 3 – ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ) ಮಷೀನ್ – ಅಪಘಾತ ಆದರೆ ತಿಳಿಯಲು.

'ಕೆಲಸದವರ ಮೇಲೆ ಒಂದು ಕಣ್ಣಿರಲಿ ಅಂತ' ಎಂದು ಬರೆಯಬೇಕಾಗಿ ಬಂತೋ, ಆ ಕ್ಯಾಮೆರಾ ಬೇಡ. ಅದು ಕಾರಣ ಅಲ್ಲ, ಅನುಮಾನ. ಇನ್ನೊಂದು ಮಾತು. ಕಳ್ಳತನಕ್ಕೆ ಅಂತ ಹಾಕಿದ ಕ್ಯಾಮೆರಾದಲ್ಲಿ ಯಾರು ಎಷ್ಟು ಸಲ ಟೀ ಕುಡಿಯಲು ಹೋದರು ಎಂದು ಎಣಿಸಲು ಶುರು ಮಾಡಿದರೆ ಉದ್ದೇಶವೇ ಬದಲಾಯಿತು. ತಕರಾರು ಲೇಬರ್ ಆಫೀಸಿನವರೆಗೆ ಹೋದಾಗ ಮೊದಲು ಕೇಳುವ ಪ್ರಶ್ನೆ 'ಯಾಕೆ ಹಾಕಿದ್ರಿ' ಅಂತಲೇ ಇರುತ್ತದೆ. ಆಗ ಈ ನೋಟ್‌ಬುಕ್ ಕೆಲಸಕ್ಕೆ ಬರುತ್ತದೆ.

ಹಂತ 2: ಜಾಗ ನೋಡಿ, ಕೋನವನ್ನೂ ನೋಡಿ

ಹಾಕಬಹುದಾದ ಜಾಗಗಳು: ಗೇಟು, ಗಲ್ಲಾಪೆಟ್ಟಿಗೆ, ಗೋಡೌನ್, ತೂಕದ ಜಾಗ, ಕಣ, ಪಾರ್ಕಿಂಗ್, ಅಪಾಯದ ಮಷೀನುಗಳು. ಯಾವ ಕಾರಣಕ್ಕೂ ಬೇಡದ ಜಾಗಗಳು: ಶೌಚಾಲಯ, ಬಚ್ಚಲು, ಬಟ್ಟೆ ಬದಲಿಸುವ ಕೋಣೆ, ಬಟ್ಟೆ ಅಂಗಡಿಯ ಟ್ರಯಲ್ ರೂಮು, ತಾಯಂದಿರು ಹಾಲೂಡಿಸುವ ಜಾಗ, ನೌಕರರು ಮಲಗುವ ಕೋಣೆ. 'ಬಾಗಿಲಿನ ಕಡೆಗೆ ಮಾತ್ರ ತಿರುಗಿಸಿದ್ದೀವಿ' ಎನ್ನುವ ಸಮಜಾಯಿಷಿ ಇಲ್ಲಿ ನಡೆಯುವುದಿಲ್ಲ. ಒಳಗೆ ಕ್ಯಾಮೆರಾ ಇದೆ ಎನ್ನುವುದೇ ಸಾಕು.

ಊಟದ ಕೋಣೆಯ ಬಗ್ಗೆ ನೇರ ನಿಷೇಧ ಇಲ್ಲ. ಆದರೂ ಬೇಡ ಅನ್ನುತ್ತೇನೆ. ಬುತ್ತಿ ಬಿಚ್ಚಿ ಕೂತವರ ಮೇಲೆ ಕ್ಯಾಮೆರಾ ಹಾಕಿ ಏನು ಕಾಪಾಡಿಕೊಳ್ಳುತ್ತೀರಿ?

ಮಲೆನಾಡಿನ ತೋಟಗಳಲ್ಲಿ ಎಡವಟ್ಟಾಗುವುದು ಕೆಲಸದವರು ವಾಸ ಇರುವ ಲೈನ್‌ಮನೆಗಳ ಹತ್ತಿರ. ಲೈನ್‌ಮನೆ ತೋಟದ ಮಾಲೀಕರದ್ದೇ ಇರಬಹುದು, ಆದರೆ ಅಲ್ಲಿರುವವರಿಗೆ ಅದು ಮನೆ. ಅದರ ಬಾಗಿಲು, ಕಿಟಕಿ, ಜಗಲಿಯ ಕಡೆ ಕ್ಯಾಮೆರಾ ತಿರುಗಿಸಬಾರದು. ಎಷ್ಟೋ ಕಡೆ ಬಚ್ಚಲು ಹಿಂದುಗಡೆ ಇರುತ್ತದೆ, ಮೇಲೆ ಮುಚ್ಚಿರುವುದಿಲ್ಲ, ತಗಡಿನ ಮರೆ ಎದೆಮಟ್ಟ ಇದ್ದರೆ ಹೆಚ್ಚು. ಕಣದ ಮೂಲೆಯಲ್ಲಿ ಹದಿನೈದು ಅಡಿ ಕಂಬ ನೆಟ್ಟು ಕ್ಯಾಮೆರಾ ಕೂರಿಸಿದರೆ, ಕಾಫಿಯ ಜೊತೆಗೆ ಆ ಬಚ್ಚಲೂ ಚೌಕಟ್ಟಿನೊಳಗೆ ಬಂದಿರುತ್ತದೆ. ಬೇಕೆಂದು ಮಾಡಿದ್ದಲ್ಲ ನಿಜ. ಆದರೆ ಕಂಡ ಮೇಲೂ ಸುಮ್ನೆ ಬಿಟ್ಟರೆ, ಆಮೇಲೆ 'ಗೊತ್ತಿರಲಿಲ್ಲ' ಅನ್ನುವ ಹಾಗಿಲ್ಲ. ಮೇಲೆ ಹೇಳಿದ 66ಇ, 77 ಎರಡೂ ಕಲಂಗಳ ಹತ್ತಿರಕ್ಕೆ ಹೋದಂತೆ.

ಹಾಗಾಗಿ ಕೂರಿಸುವ ದಿನ ಕ್ಯಾಮೆರಾದವನ ಪಕ್ಕದಲ್ಲೇ ನಿಂತು ಸ್ಕ್ರೀನ್ ನೋಡಿ. ಬೇಡದ ಜಾಗ ಕಾಣುತ್ತಿದ್ದರೆ ಮೊದಲು ಕೋನ ಬದಲಿಸಿ. ಆಗದಿದ್ದರೆ 'ಪ್ರೈವಸಿ ಮಾಸ್ಕ್' ಹಾಕಿಸಿ. ಚಿತ್ರದ ಆ ಭಾಗದ ಮೇಲೆ ಕಪ್ಪು ಚೌಕ ಕೂರಿಸುವ ಸೌಲಭ್ಯ ಇದು. ಈಗಿನ ಹೆಚ್ಚಿನ ಕ್ಯಾಮೆರಾಗಳಲ್ಲಿ ಸೆಟ್ಟಿಂಗ್ ಒಳಗೇ ಇರುತ್ತದೆ, ಬೇರೆ ದುಡ್ಡು ಕೊಡಬೇಕಿಲ್ಲ. ಸುತ್ತ ತಿರುಗುವ ಕ್ಯಾಮೆರಾ ಆದರೆ ಇನ್ನೂ ಹುಷಾರು. ಇವತ್ತು ಗೇಟು ನೋಡುವ ಕ್ಯಾಮೆರಾ ನಾಳೆ ಮೊಬೈಲಿನಿಂದಲೇ ಲೈನ್‌ಮನೆ ಕಡೆ ತಿರುಗುತ್ತದೆ. ಇಂಥ ಜಾಗಗಳಿಗೆ ತಿರುಗದ ಕ್ಯಾಮೆರಾ ಒಳ್ಳೆಯದು.

ಗುಪ್ತ ಕ್ಯಾಮೆರಾ? ತುಂಬ ಜನ ಕೇಳುತ್ತಾರೆ. ನನ್ನ ಉತ್ತರ ಬೇಡ. ಸ್ಪೇನ್‌ನ ಸೂಪರ್‌ಮಾರ್ಕೆಟ್ ಒಂದರ ಗುಪ್ತ ಕ್ಯಾಮೆರಾ ಕೇಸಿನಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2019ರಲ್ಲಿ ಅಂಗಡಿಯವರ ಪರ ನಿಂತದ್ದು ನಿಜ. ಆದರೆ ಅಲ್ಲಿ ತಿಂಗಳುಗಟ್ಟಲೆ ದೊಡ್ಡ ನಷ್ಟ ಆಗಿತ್ತು, ಕ್ಯಾಮೆರಾ ಇದ್ದದ್ದು ಬಿಲ್ಲಿಂಗ್ ಕೌಂಟರಿನ ಕಡೆಗೆ, ಅದೂ 10 ದಿನ, ನೋಡಿದವರೂ ಕೆಲವೇ ಜನ. ಇಷ್ಟೆಲ್ಲ ತೂಗಿ ಕೊಟ್ಟ ತೀರ್ಪು ಅದು. ನಮ್ಮ ಕೋರ್ಟುಗಳು ಅದನ್ನು ಒಪ್ಪಲೇಬೇಕು ಅಂತಲೂ ಇಲ್ಲ. ನಿಜವಾಗಿ ಕಳ್ಳತನದ ಅನುಮಾನ ಇದ್ದರೆ ಪೊಲೀಸರಿಗೆ ದೂರು ಕೊಡಿ.

ಹಂತ 3: ಮೈಕ್ ಆಫ್ ಮಾಡಿಸಿ

ಈಗ ಮಾರಾಟವಾಗುವ ಎಷ್ಟೋ ಕ್ಯಾಮೆರಾಗಳಲ್ಲಿ ಮೈಕ್ ಇರುತ್ತದೆ, ಬಹಳ ಸಲ ಆನ್ ಆಗಿಯೇ ಬರುತ್ತದೆ. ಮೂಟೆ ಎಣಿಸಲು ಮಾತು ಬೇಕಿಲ್ಲ. ಕೆಲಸದವರು ತಮ್ಮತಮ್ಮಲ್ಲಿ ಆಡಿದ ಮಾತು, ಮನೆಗೆ ಮಾಡಿದ ಫೋನು, ಸಂಘದ ವಿಚಾರ ಎಲ್ಲ ರೆಕಾರ್ಡ್ ಆದರೆ ಅದಕ್ಕೆ ಕಾರಣ ಕೊಡುವುದು ಕಷ್ಟ. ಆಫ್ ಮಾಡಿಸಿ, ಆಫ್ ಮಾಡಿದ್ದೇವೆ ಎಂದು ನೋಟ್‌ಬುಕ್‌ನಲ್ಲಿ ಬರೆಯಿರಿ.

ಹಂತ 4: ಎಲ್ಲರಿಗೂ ಹೇಳಿ, ಬೋರ್ಡ್ ಹಾಕಿ

'ನೀವು ಸಿಸಿ ಕ್ಯಾಮೆರಾ ಕಣ್ಗಾವಲಿನಲ್ಲಿದ್ದೀರಿ' ಎಂಬ ರೆಡಿಮೇಡ್ ಸ್ಟಿಕ್ಕರ್ ಸಾಲದು. ಅದು ಕಳ್ಳನನ್ನು ಹೆದರಿಸುತ್ತದೆ, ಕೆಲಸದವರಿಗೆ ಏನನ್ನೂ ತಿಳಿಸುವುದಿಲ್ಲ. ಬೋರ್ಡಿನಲ್ಲಿ ಇಷ್ಟಿರಲಿ:

"ಗೇಟು, ಗೋಡೌನ್, ತೂಕದ ಜಾಗ – ಈ ಮೂರು ಕಡೆ ಸಿಸಿ ಕ್ಯಾಮೆರಾ ಇದೆ. ಕಳ್ಳತನ ತಡೆಯಲು ಮತ್ತು ಸುರಕ್ಷತೆಗಾಗಿ ಹಾಕಿದ್ದೇವೆ. ಧ್ವನಿ ರೆಕಾರ್ಡ್ ಆಗುವುದಿಲ್ಲ. ರೆಕಾರ್ಡಿಂಗ್ 30 ದಿನದ ನಂತರ ಅಳಿಸಿಹೋಗುತ್ತದೆ. ನೋಡುವ ಅಧಿಕಾರ ಮಾಲೀಕರು ಮತ್ತು ಮ್ಯಾನೇಜರಿಗೆ ಮಾತ್ರ. ಪ್ರಶ್ನೆ, ದೂರು ಇದ್ದರೆ ಈ ನಂಬರಿಗೆ ಕರೆ ಮಾಡಿ."

ಇದರ ಕೆಳಗೆ ನಿಮ್ಮ ನಂಬರ್.

ಕೊಯ್ಲಿನ ಸಮಯದಲ್ಲಿ ಅಸ್ಸಾಂನಿಂದ, ತಮಿಳುನಾಡಿನಿಂದ, ಉತ್ತರ ಕರ್ನಾಟಕದಿಂದ ಬಂದವರೆಲ್ಲ ಒಂದೇ ತೋಟದಲ್ಲಿರುತ್ತಾರೆ. ಕನ್ನಡ ಬೋರ್ಡ್ ಎಲ್ಲರಿಗೂ ಓದಲು ಬರುವುದಿಲ್ಲ. 'ಮೇಸ್ತ್ರಿಗೆ ಹೇಳಿದ್ದೀನಿ, ಅವನೇ ಹೇಳ್ತಾನೆ' ಎಂದು ಬಿಡಬೇಡಿ. ಬೆಳಿಗ್ಗೆ ಹಾಜರಿ ಕೂಗುವಾಗ ತೋಟದ ಲೆಕ್ಕ ಬರೆಯುವ ರೈಟರೇ ಒಂದು ಸಲ ಬಾಯಿಬಿಟ್ಟು ಹೇಳಲಿ, ಭಾಷೆ ಗೊತ್ತಿರುವ ಒಬ್ಬರು ಅದನ್ನು ತಿಳಿಸಲಿ. ಕಾಯಂ ನೌಕರರಿಗೆ ಒಂದು ಹಾಳೆ ಕೊಟ್ಟು, ಓದಿ ತಿಳಿದುಕೊಂಡೆ ಎಂದು ಸಹಿ ಹಾಕಿಸಿಕೊಳ್ಳಿ. ಆ ಸಹಿ ತಿಳಿಸಿದ್ದಕ್ಕೆ ಸಾಕ್ಷಿ ಅಷ್ಟೇ. ಬಚ್ಚಲಿನಲ್ಲಿ ಕ್ಯಾಮೆರಾ ಹಾಕಲು ಅದು ಲೈಸೆನ್ಸ್ ಅಲ್ಲ.

ಹಂತ 5: ಬೀಗ ಭದ್ರ ಇದೆಯಾ ನೋಡಿ

2025ರ ಫೆಬ್ರವರಿಯಲ್ಲಿ ಗುಜರಾತಿನ ರಾಜ್‌ಕೋಟ್‌ನ ಹೆರಿಗೆ ಆಸ್ಪತ್ರೆಯೊಂದರ ಒಳಗಿನ ಕ್ಯಾಮೆರಾ ದೃಶ್ಯಗಳು ಆನ್‌ಲೈನ್‌ನಲ್ಲಿ ಮಾರಾಟಕ್ಕಿದ್ದದ್ದು ಬಯಲಾಯಿತು. ಸುದ್ದಿಯಲ್ಲಿ ಬಂದ ಪಾಸ್‌ವರ್ಡ್ 'ಅಡ್ಮಿನ್123'. ನಿಮ್ಮ ಡಿವಿಆರ್‌ನ ಪಾಸ್‌ವರ್ಡ್ ಏನಿದೆ? (ಡಿವಿಆರ್ ಎಂದರೆ ರೆಕಾರ್ಡಿಂಗ್ ಉಳಿಸುವ ಪೆಟ್ಟಿಗೆ.) ಕೂರಿಸಿದವನು ಹಾಕಿಕೊಟ್ಟದ್ದೇ ಇದ್ದರೆ ಇವತ್ತೇ ಬದಲಿಸಿ. ಅವನ ಮೊಬೈಲಿನಲ್ಲಿ ನಿಮ್ಮ ಕ್ಯಾಮೆರಾ ಇನ್ನೂ ತೆರೆಯುತ್ತದಾ ಅಂತಲೂ ಕೇಳಿ. ಸಾಮಾನ್ಯವಾಗಿ ತೆರೆಯುತ್ತದೆ.

ಮಾಲೀಕರು, ಅವರ ಮಗ, ಅಳಿಯ, ಹಳೆಯ ಮ್ಯಾನೇಜರ್, ಬೆಂಗಳೂರಿನಲ್ಲಿರುವ ತಮ್ಮ ಹೀಗೆ ಐದಾರು ಫೋನುಗಳಲ್ಲಿ ಆ್ಯಪ್ ಇರುವುದು ಮಾಮೂಲಿ. ಇಬ್ಬರಿಗಿಂತ ಜಾಸ್ತಿ ಬೇಡ. ಕೆಲಸ ಬಿಟ್ಟವರದ್ದು ಅದೇ ದಿನ ತೆಗೆಯಿರಿ. ಹೆಣ್ಣುಮಕ್ಕಳು ಜಾಸ್ತಿ ಇರುವ ಕಡೆ ರೆಕಾರ್ಡಿಂಗ್ ನೋಡುವವರಲ್ಲಿ ಒಬ್ಬರಾದರೂ ಹೆಂಗಸು ಇರಲಿ. ಬೇಕೆಂದೇ ಒಬ್ಬಳ ಮೇಲೆ ಜೂಮ್ ಮಾಡಿ ನೋಡುತ್ತಾ ಕೂರುವ ಸೂಪರ್‌ವೈಸರ್ ಮೇಲೆ ಪೋಶ್ ಕಾಯ್ದೆಯಡಿ ದೂರು ಬರಬಹುದು. ಪೋಶ್ ಎಂದರೆ ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ.

ಹೊಸ ಕ್ಯಾಮೆರಾ ಕೊಳ್ಳುವವರು ಬಿಲ್ ಕೇಳಿ ತೆಗೆದುಕೊಳ್ಳಿ. 2025ರ ಏಪ್ರಿಲ್‌ನಿಂದ ಕೇಂದ್ರ ಸರ್ಕಾರ ಸಿಸಿ ಕ್ಯಾಮೆರಾಗಳಿಗೆ ಭದ್ರತಾ ಪರೀಕ್ಷೆ ಕಡ್ಡಾಯ ಮಾಡಿದೆ. ಅಗ್ಗಕ್ಕೆ ಸಿಗುವ ಹಳೆ ಸ್ಟಾಕಿಗೆ ಅದು ಆಗಿರುವುದಿಲ್ಲ.

ಹಂತ 6: ಎಷ್ಟು ದಿನ ಇಡಬೇಕು?

30 ದಿನ ಒಳ್ಳೆಯ ಲೆಕ್ಕ. ಜಾಸ್ತಿ ಇಟ್ಟಷ್ಟು ಕಾಪಾಡುವ ಹೊಣೆಯೂ ಜಾಸ್ತಿ. ಆದರೆ 30 ದಿನ ಅಂತ ಬೋರ್ಡಿನಲ್ಲಿ ಬರೆದವರ ಡಿವಿಆರ್‌ನಲ್ಲಿ ವಾರದ ಹಿಂದಿನದೂ ಇರುವುದಿಲ್ಲ. ಲೆಕ್ಕ ನೋಡಿ: 2 ಮೆಗಾಪಿಕ್ಸೆಲ್ ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್‌ನಂತೆ ರೆಕಾರ್ಡ್ ಮಾಡಿದರೆ ದಿನಕ್ಕೆ ಸುಮಾರು 21.6 ಜಿಬಿ. ಎಂಟು ಕ್ಯಾಮೆರಾಗೆ 30 ದಿನಕ್ಕೆ 5 ಟಿಬಿಗಿಂತ ಜಾಸ್ತಿ ಬೇಕು. 1 ಟಿಬಿ ಡಿಸ್ಕ್ ಹಾಕಿಕೊಟ್ಟಿದ್ದರೆ ಆರು ದಿನ ತುಂಬುವ ಮೊದಲೇ ಹಳೆಯದರ ಮೇಲೆ ಹೊಸದು ಬರೆದುಕೊಳ್ಳುತ್ತದೆ.

ಗಡಿಯಾರವನ್ನೂ ನೋಡಿ. ಮಳೆಗಾಲದಲ್ಲಿ ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗುವ ನಮ್ಮ ಕಡೆ, ಡಿವಿಆರ್ ಒಳಗಿನ ಸಣ್ಣ ಬ್ಯಾಟರಿ ಸತ್ತಿದ್ದರೆ ಆನ್ ಆದಾಗೆಲ್ಲ ತಾರೀಖು ಹಿಂದಕ್ಕೆ ಹೋಗುತ್ತದೆ. ಕಳ್ಳತನ ಆದದ್ದು ಜನವರಿಯಲ್ಲಿ, ವಿಡಿಯೊದ ಮೇಲೆ ಯಾವುದೋ ಹಳೆ ವರ್ಷದ ತಾರೀಖು. ಇಂಥದ್ದನ್ನು ಕೋರ್ಟಿಗೆ ಕೊಟ್ಟರೆ ಎದುರು ಪಾರ್ಟಿ ವಕೀಲರಿಗೆ ಹಬ್ಬ. ತಿಂಗಳಿಗೊಮ್ಮೆ ಸಮಯ ಸರಿ ಇದೆಯಾ ನೋಡಿ.

ಹಂತ 7: ಏನೋ ಕಂಡಿತು, ಈಗೇನು?

ಜಾಸ್ತಿ ಜನ ಎಡವುವುದು ಇಲ್ಲೇ. ಒಬ್ಬ ಹುಡುಗ ಮೂಟೆಯಿಂದ ಕಾಳುಮೆಣಸು ಚೀಲಕ್ಕೆ ತುಂಬಿಕೊಂಡದ್ದು ಕಂಡಿತು ಎಂದಿಟ್ಟುಕೊಳ್ಳಿ. ಕೈ ತಕ್ಷಣ ವಾಟ್ಸಾಪ್‌ಗೆ ಹೋಗುತ್ತದೆ: ಬೆಳೆಗಾರರ ಗ್ರೂಪಿಗೆ ವಿಡಿಯೊ, ಮೇಲೆ 'ಈ ಕಳ್ಳನಿಗೆ ಯಾರೂ ಕೆಲಸ ಕೊಡಬೇಡಿ'. ಹಾಗೆ ಮಾಡಬೇಡಿ. ಅವನು ಕಳ್ಳ ಎಂದು ಇನ್ನೂ ಯಾರೂ ತೀರ್ಮಾನ ಮಾಡಿಲ್ಲ. ಮಾನನಷ್ಟದ ಕೇಸು ನಿಮ್ಮ ಮೇಲೆ ತಿರುಗಬಹುದು. ಗೋಡೌನ್ ಕಾಯಲು ಹಾಕಿದ ಕ್ಯಾಮೆರಾದ ಚಿತ್ರ ಇಡೀ ತಾಲ್ಲೂಕಿಗೆ ಹೋಗಿದ್ದಕ್ಕೂ ಉತ್ತರ ಕೊಡಬೇಕಾಗುತ್ತದೆ.

ಮಾಡಬೇಕಾದದ್ದು ಹೀಗೆ. ಮೊದಲು ಆ ಭಾಗವನ್ನು ಡಿವಿಆರ್‌ನಿಂದಲೇ ಪೆನ್‌ಡ್ರೈವ್‌ಗೆ ತೆಗೆಯಿರಿ. ಸ್ಕ್ರೀನನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿದ್ದು ಸಾಕ್ಷಿಗೆ ಅಷ್ಟಾಗಿ ಬರುವುದಿಲ್ಲ. ಯಾರು, ಯಾವತ್ತು, ಎಷ್ಟು ಹೊತ್ತಿಗೆ ತೆಗೆದರು ಎಂದು ಬರೆದಿಡಿ. ಕೋರ್ಟಿಗೆ ಕೊಡಬೇಕಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರ ಬೇಕು. ಅದರಲ್ಲಿ ಎರಡು ಭಾಗ. ಒಂದನ್ನು ಸಾಧನ ನೋಡಿಕೊಳ್ಳುವವರು ತುಂಬಬೇಕು, ಇನ್ನೊಂದನ್ನು ತಜ್ಞರು. 'ಹ್ಯಾಶ್' ಎನ್ನುವ ಒಂದು ಉದ್ದ ಸಂಖ್ಯೆಯನ್ನೂ ಅದರಲ್ಲಿ ಬರೆಯಬೇಕು. ಇದು ಫೈಲಿನ ಬೆರಳಚ್ಚು ಇದ್ದ ಹಾಗೆ. ಫೈಲಿನಲ್ಲಿ ಒಂದಕ್ಷರ ಬದಲಾದರೂ ಸಂಖ್ಯೆ ಬದಲಾಗುತ್ತದೆ.

ಆಮೇಲೆ ನೌಕರನಿಗೆ ಲಿಖಿತ ನೋಟಿಸ್ ಕೊಡಿ. ವಿಡಿಯೊ ತೋರಿಸಿ, ಅವನ ಮಾತು ಕೇಳಿ. 'ನಮ್ಮ ಹತ್ರ ವಿಡಿಯೊ ಇದೆ, ಆದ್ರೆ ನಿನಗೆ ತೋರಿಸಲ್ಲ' ಎಂದು ಕೆಲಸದಿಂದ ತೆಗೆದರೆ ಆ ಆದೇಶ ನಿಲ್ಲುವುದು ಕಷ್ಟ.

ಸಂಬಳ ಹಿಡಿಯುವ ಮುಂಚೆಯೂ ಯೋಚಿಸಿ. 2025ರ ನವೆಂಬರ್ 21ರಿಂದ ಜಾರಿಯಾದ ವೇತನ ಸಂಹಿತೆಯ ಪ್ರಕಾರ, ದಂಡ ಹಾಕುವ ಮೊದಲು ನೌಕರನಿಗೆ ವಿವರಣೆ ಕೊಡಲು ಅವಕಾಶ ಕೊಡಬೇಕು. ದಂಡ ಆ ಅವಧಿಯ ವೇತನದ ಶೇ 3 ಮೀರಬಾರದು. ಯಾವ ತಪ್ಪಿಗೆ ದಂಡ ಎಂಬ ಪಟ್ಟಿಗೆ ಮೊದಲೇ ಸರ್ಕಾರದ ಕಡೆಯಿಂದ ಅನುಮೋದನೆ ಇರಬೇಕು. ಮೊಬೈಲ್ ನೋಡ್ತಿದ್ದ ಅಂತ ಕ್ಯಾಮೆರಾದಲ್ಲಿ ಕಂಡು ಅರ್ಧ ದಿನದ ಕೂಲಿ ಮುರಿದುಕೊಳ್ಳುವುದು ಇದ್ಯಾವುದಕ್ಕೂ ಹೊಂದುವುದಿಲ್ಲ.

ಹಂತ 8: ಪೊಲೀಸರು ಕೇಳಿದರೆ

ಕೊಡಿ. ಆದರೆ ಬರಹದಲ್ಲಿ ಕೇಳಲಿ. ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 94ನೇ ಕಲಂ ಅಡಿ ನೋಟಿಸ್ ಕೊಡುವ ಕ್ರಮ ಇದೆ. ಏನು ಕೊಟ್ಟಿರಿ, ಯಾರಿಗೆ ಕೊಟ್ಟಿರಿ ಎಂದು ಸಹಿ ಪಡೆಯಿರಿ. ಪಕ್ಕದ ಅಂಗಡಿಯವರೋ, ಪರಿಚಯದವರೋ ಬಂದು 'ಸ್ವಲ್ಪ ನೋಡ್ಬೇಕಿತ್ತು' ಅಂದರೆ ಪೊಲೀಸರ ಮೂಲಕ ಬನ್ನಿ ಎನ್ನಿ.

ನೀವು ಕೆಲಸ ಮಾಡುವವರಾಗಿದ್ದರೆ

ಕ್ಯಾಮೆರಾ ಇದೆ ಎಂಬುದೊಂದೇ ದೂರಿಗೆ ಸಾಲದು. ಮಷೀನಿನ ಮೇಲೆ, ಎಲ್ಲರಿಗೂ ಕಾಣುವಂತೆ ಇರುವ ಕ್ಯಾಮೆರಾವನ್ನು ತೆಗೆಸುವುದು ಕಷ್ಟ. ಆದರೆ ಯಾಕೆ ಹಾಕಿದ್ದೀರಿ, ಯಾರು ನೋಡುತ್ತಾರೆ, ಎಷ್ಟು ದಿನ ಇಡುತ್ತೀರಿ, ಮಾತೂ ರೆಕಾರ್ಡ್ ಆಗುತ್ತದಾ ಎಂದು ಕೇಳುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಒಬ್ಬರೇ ಕೇಳುವುದಕ್ಕಿಂತ ನಾಲ್ಕು ಜನ ಸೇರಿ, ಬರೆದು ಕೊಟ್ಟು, ಒಂದು ಪ್ರತಿ ಇಟ್ಟುಕೊಳ್ಳಿ.

ಶೌಚಾಲಯ, ಬಚ್ಚಲು, ಡ್ರೆಸ್ಸಿಂಗ್ ರೂಮಿನಲ್ಲಿ ಕಂಡರೆ ವಿಷಯವೇ ಬೇರೆ. ಕ್ಯಾಮೆರಾ ಕಿತ್ತು ಬಿಸಾಡಬೇಡಿ, ಅದೇ ಸಾಕ್ಷಿ. ಅದಿರುವ ಜಾಗದ ಫೋಟೊ ತೆಗೆದುಕೊಂಡು 112ಕ್ಕೆ ಕರೆ ಮಾಡಿ. ಹಾಸನ, ಚಿಕ್ಕಮಗಳೂರು ಎರಡೂ ಕಡೆ ಸೈಬರ್ ಅಪರಾಧ ನೋಡುವ ಸೆನ್ ಠಾಣೆ ಇದೆ. ಹತ್ತಿರದ ಠಾಣೆಯಲ್ಲೂ ದೂರು ಕೊಡಬಹುದು. ಸೂಪರ್‌ವೈಸರ್ ಕ್ಯಾಮೆರಾ ನೆಪದಲ್ಲಿ ಕಾಟ ಕೊಡುತ್ತಿದ್ದರೆ ಪೋಶ್ ಸಮಿತಿಗೆ ಹೋಗಿ. ಹತ್ತು ಅಥವಾ ಹೆಚ್ಚು ಜನ ಇರುವ ಕಡೆ ಒಳಗಿನ ಸಮಿತಿ ಇರಲೇಬೇಕು. ಅದಕ್ಕಿಂತ ಕಡಿಮೆ ಇದ್ದರೆ, ಅಥವಾ ದೂರು ಮಾಲೀಕರ ಮೇಲೇ ಇದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿ. ಘಟನೆ ಆದ ಮೂರು ತಿಂಗಳೊಳಗೆ ದೂರು ಕೊಡಬೇಕು.

ವಕೀಲರಿಗೆ ದುಡ್ಡಿಲ್ಲ ಅಂತ ಸುಮ್ಮನಾಗಬೇಡಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ, ಕೈಗಾರಿಕಾ ಕಾರ್ಮಿಕರಿಗೆ ಆದಾಯ ಎಷ್ಟೇ ಇದ್ದರೂ ನೆರವು ಉಚಿತ. ಸಹಾಯವಾಣಿ 15100.

ಇನ್ನೊಂದು ತುರ್ತಿನ ವಿಷಯ. ನಿಮಗೆ ಪೆಟ್ಟಾಗಿದ್ದರೆ, ಯಾರಾದರೂ ಮೈಮೇಲೆ ಕೈ ಹಾಕಿದ್ದರೆ, ತೂಕದಲ್ಲಿ ಮೋಸ ಆಗಿದ್ದರೆ, ಅದೇ ಕ್ಯಾಮೆರಾ ನಿಮ್ಮ ಪರವೂ ಸಾಕ್ಷಿ. 'ಇಂಥ ದಿನ, ಇಷ್ಟು ಗಂಟೆಯಿಂದ ಇಷ್ಟು ಗಂಟೆವರೆಗಿನ ರೆಕಾರ್ಡಿಂಗ್ ಅಳಿಸದೆ ಉಳಿಸಿ' ಎಂದು ಅವತ್ತೇ ಮಾಲೀಕರಿಗೆ ಬರೆದು ಕೊಡಿ, ಅಥವಾ ಮೆಸೇಜ್ ಹಾಕಿ. ಮಾಲೀಕರು ಕಿವಿಗೆ ಹಾಕಿಕೊಳ್ಳದಿದ್ದರೆ ಅದನ್ನೇ ಠಾಣೆಯ ದೂರಿನಲ್ಲಿ ಸೇರಿಸಿ. ಬೋರ್ಡಿನಲ್ಲಿ 30 ದಿನ ಅಂತಿದ್ದರೂ ಡಿಸ್ಕ್ ಚಿಕ್ಕದಿದ್ದರೆ ಮುಂದಿನ ವಾರಕ್ಕೆ ಅದು ಇರುವುದಿಲ್ಲ.